'ಹೇಟ್' ಎಂಬ ಕ್ರಿಯಾಪದದ ತಾತ್ವಿಕ ನೆಲೆಗಳು: ಒಂದು ಸಂಕಥನಾತ್ಮಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಆಂಗ್ಲಭಾಷೆಯ 'ಹೇಟ್' ಎಂಬ ಕ್ರಿಯಾಪದದೊಂದಿಗೆ ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗುತ್ತ, ಅದರ ಅರ್ಥಸಾಧ್ಯತೆಗಳನ್ನು ಸಂಕಥನದ ನೆಲೆಯಲ್ಲೂ, ಆ ನೆಲೆಯನ್ನು ಇನ್ನೊಂದು ನೆಲೆಯಲ್ಲೂ ಇಟ್ಟು ನೋಡುವ ವಿನಮ್ರ ಪ್ರಯತ್ನ. (ವಿನಮ್ರ ಎಂಬ ಪದವನ್ನು ವಿಚಾರಸಂಕಿರಣದ ನಿಯಮಾನುಸಾರ ಬಳಸಲಾಗಿದೆ.)

ಹಗೆಯ ಆಂಗ್ಲ ಕ್ರಿಯಾಪದಗಳು ಏಳು ವಿಧ. ಮೊದಲನೆಯದು ಕಂಪನಮೂಲೀಯ: 'ಅಬ್‌ಹಾರ್'. ಲ್ಯಾಟಿನ್ ಮೂಲದಲ್ಲಿ ಮೈ ನಡುಗಿ ಹಿಂದೆ ಸರಿಯುವುದು ಎಂದರ್ಥ. ಎರಡನೆಯದು ಸಾಕ್ಷ್ಯಮೂಲೀಯ: 'ಡಿಟೆಸ್ಟ್', ದೇವರನ್ನು ಸಾಕ್ಷಿಗೆ ಕರೆದು ಶಪಿಸುವುದು. ಮೂರನೆಯದು ಅಧೋದೃಷ್ಟಿಮೂಲೀಯ: 'ಡಿಸ್ಪೈಸ್', ಮೇಲಿನಿಂದ ಕೆಳಕ್ಕೆ ನೋಡುವುದು. ಇದರ ಸೋದಾಹರಣ ವಿವರಣೆಗೆ ವೇದಿಕೆಯ ಮೇಲಿರುವ ಅಧ್ಯಕ್ಷರನ್ನು ಗಮನಿಸಬಹುದು. ಪಲಾವಿನ ವಾಸನೆ ಬಂದಿದ್ದರಿಂದ ಉಳಿದ ನಾಲ್ಕನ್ನು ಕೈಬಿಡಲಾಗಿದೆ.

'ಹೇಟ್' ಆದರೋ ಅಚ್ಚ ಜರ್ಮಾನಿಕ್ ಕುಲದ್ದು, ಜರ್ಮನ್ನರ 'ಹಸ್ಸೆನ್'ಗೆ ದಾಯಾದಿ. ಇದನ್ನು ಹಾಸನಕ್ಕೆ ಜೋಡಿಸಿ ಪಿಎಚ್‌.ಡಿ. ಮಾಡಬಯಸುವವರು ಮಾರ್ಗದರ್ಶಕರನ್ನು ಕಾಣಬಹುದು. 'ಐ ಹೇಟ್ ಟು ಸೇ ದಿಸ್' ಎಂದವರು ಮುಂದಿನ ಮಾತನ್ನು ಬಾಯಿ ಚಪ್ಪರಿಸಿಕೊಂಡೇ ಹೇಳುತ್ತಾರೆಂಬುದು ಪ್ರಯೋಗವಿಶೇಷ. ಇನ್ನು, ಇದು ಸ್ಥಿತಿವಾಚಕವಾದ್ದರಿಂದ ಇದಕ್ಕೆ 'ಇಂಗ್' ಹಚ್ಚಕೂಡದೆಂಬುದು ಶಾಲಾ ವ್ಯಾಕರಣದ ಕಟ್ಟಳೆ. ಇದೇ ಕಟ್ಟಳೆಗೆ ಒಳಪಟ್ಟ 'ಲವ್'ಗೆ ಮ್ಯಾಕ್‌ಡೊನಾಲ್ಡ್ಸ್‌ನವರು 2003ರಲ್ಲಿ 'ಇಂಗ್' ಅಂಟಿಸಿ ಲೋಕಕ್ಕೆಲ್ಲ ಡಂಗುರ ಸಾರಿದರು. ಅವರ ಅಂಕ ಯಾರೂ ಕಡಿಯಲಿಲ್ಲ. ಕಡಿತವೇನಿದ್ದರೂ ನಮ್ಮ ಮಕ್ಕಳಿಗೆ.

ಆ ಮಕ್ಕಳ ಕನ್ನಡದಲ್ಲಿ ಹಗೆ ಸಾಧಿಸುವ ಭಾರ ಅವರ ಮೇಲೆ ಇರುವುದೇ ಇಲ್ಲ. 'ನಂಗೆ ಉಪ್ಪಿಟ್ಟು ಸೇರಲ್ಲ.' 'ನಂಗೆ ಅವನ್ನ ಕಂಡ್ರೆ ಆಗಲ್ಲ.' ಚತುರ್ಥಿ ವಿಭಕ್ತಿಯ ನೆರಳಲ್ಲಿ ನಾವು ಸುಮ್ಮನೆ ಕೂತಿರುತ್ತೇವೆ. ಸೇರದಿರುವ ಕೆಲಸವೆಲ್ಲ ಉಪ್ಪಿಟ್ಟಿನದು. ಇಂಥ ಮನೆಮಾತಿನಿಂದ ಬಂದ ಮಗು 'ಐ' ಎಂದು ಎದ್ದು ನಿಂತು, ಹೆಸರು ಹಿಡಿದು ದ್ವೇಷಿಸುವುದನ್ನು ಕಲಿಯುವಾಗ ಒಂದೆರಡು 'ಇಂಗ್' ಹೆಚ್ಚಾದರೆ ಯಾರ ಗಂಟು ಹೋಯಿತು?

ಆರನೇ ಕ್ಲಾಸಿನ ಹುಡುಗಿಯೊಬ್ಬಳ ನೋಟ್‌ಬುಕ್ ನೋಡಿದೆ. 'ಐ ಆಮ್ ಹೇಟಿಂಗ್ ಸ್ಕೂಲ್' ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ 'ಆಮ್' ಹೊಡೆದು, 'ಇಂಗ್' ಹೊಡೆದು, ಮೇಲೆ 'ಐ ಹೇಟ್ ಸ್ಕೂಲ್' ಎಂದು ನೀಟಾಗಿ ತಿದ್ದಿ ಬರೆದು ಅರ್ಧ ಅಂಕ ಕೊಟ್ಟಿದ್ದರು. ಪಕ್ಕದಲ್ಲಿ 'ಇಂಪ್ರೂವ್' ಎಂದು ಷರಾ.

ಪರಿಪ್ರೇಕ್ಷ್ಯ ಹಾಳಾಗಲಿ. 'ಯಾಕಮ್ಮ, ಸ್ಕೂಲಲ್ಲಿ ಏನಾಯ್ತು?' ಅಂತ ಒಂದು ಮಾತು ಕೇಳಲು ಯಾವ ಕಾಲ, ಯಾವ ವಿಭಕ್ತಿ ಬೇಕಿತ್ತು ಆ ಮೇಷ್ಟರಿಗೆ?