ಗಂಟೆ ಎಷ್ಟು?

ನ್ಯೂಜೆರ್ಸಿ, ಮಗನ ಮನೆ. ಸೋಫಾದಲ್ಲಿ ರಾಯರು, ಕೈಯಲ್ಲಿ ನಾಳೆಯ ಟೈಮ್‌ಟೇಬಲ್ (ದಂಡಯಾತ್ರೆಯ ನಕ್ಷೆ ಅಂದರೂ ಸರಿಯೇ). ಅಡುಗೆಮನೆಯಲ್ಲಿ ಪದ್ದಮ್ಮ ಪುಳಿಯೋಗರೆ ಕಲಸುತ್ತಿದ್ದಾರೆ.

‘ಪದ್ದೂ, ನಾಳೆ ಫಿಲಡೆಲ್ಫಿಯಾ. ಲಿಬರ್ಟಿ ಬೆಲ್ ನೋಡ್ಬೇಕು.’

‘ಎಷ್ಟು ಗಂಟೆಗೆ?’

‘ಇರೋದೇ ಒಂದು ಗಂಟೆ ಕಣೇ, ಅದೂ ಸೀಳಿಹೋಗಿದೆ. 1752ರಲ್ಲಿ ಲಂಡನ್ನಿಂದ ಬಂತು, ಮೊದಲ ಸಲ ಬಾರಿಸಿದಾಗಲೇ ಬಿರುಕು. ಇಲ್ಲೇ ಕರಗಿಸಿ ಮತ್ತೆ ಎರಕ ಹೊಯ್ದರು. ಕೊನೆಗೆ ಅದೂ ಬಿರೀತು.’

‘ಅದಕ್ಕೆ ಕ್ಯೂ ಬೇರೆನಾ? ನಮ್ಮೂರ ಸ್ಕೂಲಲ್ಲಿ ನೇತುಹಾಕಿದ ರೈಲು ಕಂಬಿ ಇವತ್ತಿಗೂ ಠಣ್ ಅನ್ನುತ್ತೆ.’

‘ಇತಿಹಾಸ ಕಣೇ! ಅದಕ್ಕೆ ಹತ್ತು ನಿಮಿಷ. ಆಮೇಲೆ ಇಂಡಿಪೆಂಡೆನ್ಸ್ ಹಾಲ್. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ, ಎರಡಕ್ಕೂ ಸಹಿ ಬಿದ್ದದ್ದು ಅಲ್ಲೇ. ಹದಿನೈದು ನಿಮಿಷ.’

‘ಸಂವಿಧಾನ ಬರೆಯೋಕೆ ಅವರಿಗೆ ಎಷ್ಟು ಹೊತ್ತಾಯ್ತಂತೆ?’

‘ಹತ್ತಿರ ಹತ್ತಿರ ನಾಲ್ಕು ತಿಂಗಳು.’

‘ಪಾಪ, ಟೈಮ್‌ಟೇಬಲ್ ಹಾಕಿಕೊಡೋ ಮಗ ಇರಲಿಲ್ಲವೇನೋ.’

‘ಮುಂದೆ ಬೆಂಜಮಿನ್ ಫ್ರಾಂಕ್ಲಿನ್ ಸಮಾಧಿ. ಜನ ಅದರ ಮೇಲೆ ಪೆನ್ನಿ ಎಸೀತಾರೆ.’

‘ದುಂದು ಬೇಡ ಅಂತ ಊರಿಗೆಲ್ಲ ಬುದ್ಧಿ ಹೇಳಿದ್ದರಲ್ಲ, ಅವರ ಮೇಲೇನಾ?’

‘ಕೊನೆಗೆ ಆರ್ಟ್ ಮ್ಯೂಸಿಯಂ. ರಾಕಿ ಸಿನಿಮಾದ 72 ಮೆಟ್ಟಿಲು!’

‘ಒಳಗೆ ಚಿತ್ರ ಇರ್ತಾವಲ್ಲ?’

‘ಒಳಗೆ ಯಾರು ಹೋಗ್ತಾರೆ? ಮೆಟ್ಟಿಲ ಮೇಲೆ ಕೈಯೆತ್ತಿ ನಮ್ಮ ಚಿತ್ರ.’

‘ಏನೂಂದ್ರೆ, ನಿಮ್ಮ ಮಂಡಿನೋವು?’

‘ಮೂರನೇ ಮೆಟ್ಟಿಲಲ್ಲಿ ನಿಂತರೂ ಫೋಟೋದಲ್ಲಿ ಮೇಲಿದ್ದ ಹಾಗೇ ಕಾಣುತ್ತಂತೆ.’

‘ಹಾಗಾದರೆ ಮಗನೊಬ್ಬನನ್ನೇ ಕಳಿಸಿ, ನಮ್ಮನ್ನು ಫೋಟೋಗೆ ಅಂಟಿಸಿದರೆ ಆಗಲ್ವಾ? ಊಟಕ್ಕೆಷ್ಟು ಬರೆದಿದ್ದಾನೆ?’

‘ಒಂದು ಗಂಟೆ.’

‘ಅದೊಂದು ಗಂಟೆ ಬಿರುಕು ಬಿಡದಿದ್ದರೆ ಸಾಕು.’

ಪುಳಿಯೋಗರೆ ಡಬ್ಬಿಗೆ ಮುಚ್ಚಳ ಬಿತ್ತು.