ಜನವರಿಯ ತ್ರಿಕಾಲಜ್ಞಾನಿ

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅವನು ಸಾಧಾರಣ ಮನುಷ್ಯ. ಕೆಲಸಕ್ಕೆ ಹೋಗುತ್ತಾನೆ, ಅಂಗಳದ ಎಲೆ ಗುಡಿಸುತ್ತಾನೆ, ಹೆಂಡತಿ ಹೇಳಿದ್ದು ಬಿಟ್ಟು ಬೇರೇನೋ ಸಾಮಾನು ತಂದು ಬೈಸಿಕೊಳ್ಳುತ್ತಾನೆ. ಜನವರಿ ಹುಟ್ಟಿ ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್‌ ಪ್ಲೇಆಫ್‌ ಪಟ್ಟಿ ಹೊರಬಿದ್ದದ್ದೇ ತಡ, ಅವನಿಗೆ ಮೂರನೆಯ ಕಣ್ಣು ತೆರೆದುಕೊಳ್ಳುತ್ತದೆ. ನಾನಿರುವ ಬಫಲೋ ಊರಿನಲ್ಲಿ ಬೀದಿಗೊಬ್ಬ ಇಂಥವನಿದ್ದಾನೆ, ಕ್ಷೌರದಂಗಡಿಯಲ್ಲಿ ಇಬ್ಬರು. ತಲೆಗೆ ಊರಿನ ಬಿಲ್ಸ್ ತಂಡದ ಉಣ್ಣೆ ಟೋಪಿ, ಬೆನ್ನ ಮೇಲೆ ಅದರ ಆಟಗಾರ ಜಾಶ್ ಅಲನ್‌ನ ಹದಿನೇಳನೆಯ ನಂಬರು, ಕೈಯಲ್ಲಿ ಕಾಫಿ, ನಾಲಗೆಯ ತುದಿಯಲ್ಲಿ ಸ್ಕೋರು. ಒಬ್ಬನ ಕಥೆ ಹೇಳಿದರೆ ಎಲ್ಲರ ಕಥೆಯೂ ಮುಗಿಯುವುದರಿಂದ ಹೆಸರಿನ ಹಂಗು ಬೇಡ. ಜ್ಞಾನಿ ಎಂದು ಕರೆದುಬಿಡೋಣ.

ಜ್ಞಾನಿಯ ಕಷ್ಟ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಗೊತ್ತಿರಬೇಕು. ಲೀಗಿನಲ್ಲಿ 32 ತಂಡಗಳು. ಹದಿನೇಳು ಪಂದ್ಯ ಆಡಿ ಮುಗಿಸಿದ ಮೇಲೆ 14 ತಂಡ ಉಳಿಯುತ್ತವೆ. ಮೊದಲ ವಾರ ಆರು ಪಂದ್ಯ, ಆಮೇಲೆ ನಾಲ್ಕು, ಆಮೇಲೆ ಎರಡು, ಕೊನೆಗೆ ಫೆಬ್ರವರಿಯಲ್ಲಿ ಸೂಪರ್ ಬೌಲ್. ಒಟ್ಟು ಹದಿಮೂರು. ಜ್ಞಾನಿ ಮಾತ್ರ ‘ಹನ್ನೆರಡು ಮತ್ತೊಂದು’ ಎನ್ನುತ್ತಾನೆ; ಹದಿಮೂರು ಎಂಬ ಮಾತು ಈ ಊರಿನಲ್ಲಿ ಯಾಕೆ ಬಾಯಿಗೆ ಬರುವುದಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳ ಫೈನಲ್‌ ಏಳು ಪಂದ್ಯಗಳ ಸರಣಿ. ಇವತ್ತು ಎಡವಿದವರು ನಾಡಿದ್ದು ಎದ್ದು ನಿಲ್ಲಬಹುದು. ಇಲ್ಲಿ ಹಾಗಿಲ್ಲ, ಸೋತವರು ಅವತ್ತೇ ಗಂಟುಮೂಟೆ ಕಟ್ಟಬೇಕು. ಅದರ ಮೇಲೆ ಚೆಂಡೂ ಗುಂಡಗಿಲ್ಲ. ಎರಡು ತುದಿಯೂ ಚೂಪಾದ ಆ ಚೆಂಡು ನೆಲಕ್ಕೆ ಬಿದ್ದರೆ ಯಾವ ದಿಕ್ಕಿಗೆ ನೆಗೆಯುತ್ತದೆ ಎಂಬುದು ಅದಕ್ಕೂ ಗೊತ್ತಿರುವುದಿಲ್ಲ. ಇಂಥ ಆಟದ ಭವಿಷ್ಯ ಹೇಳಲು ಬೇಕಾದದ್ದು ಗಂಡೆದೆ ಒಂದೇ. ಅದು ಅವನಲ್ಲಿ ಧಾರಾಳವಾಗಿದೆ.

‘ಇಂಥ ತಂಡ ಗೆಲ್ಲುತ್ತದೆ’ ಎಂದು ಹೇಳಿ ಸುಮ್ಮನಾಗುವವನು ಜ್ಞಾನಿಯಲ್ಲ, ಹವ್ಯಾಸಿ. ನಮ್ಮವನು ಅಂಕ ಸಮೇತ ಹೇಳುತ್ತಾನೆ. ‘ಇಪ್ಪತ್ತೇಳು, ಇಪ್ಪತ್ನಾಲ್ಕು. ಬರೆದಿಟ್ಟುಕೋ.’ ಹೊಸಬರು ಬೆರಗಾಗುತ್ತಾರೆ. ಗುಟ್ಟು ಇಷ್ಟೇ: ಟಚ್‌ಡೌನಿಗೆ ಆರು, ಅದರ ಬೆನ್ನಿಗೆ ಒದೆಯುವ ಚೆಂಡಿಗೆ ಒಂದು, ಫೀಲ್ಡ್ ಗೋಲಿಗೆ ಮೂರು. ಏಳು ಮತ್ತು ಮೂರನ್ನು ಕೂಡುತ್ತಾ ಹೋದರೆ 17, 20, 24, 27 ಎಂಬ ನಾಲ್ಕೈದು ನಿಲ್ದಾಣಗಳಲ್ಲೇ ಬಂಡಿ ಹೆಚ್ಚಾಗಿ ನಿಲ್ಲುತ್ತದೆ. ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ಸಲ ಬಂದಿರುವ ಫಲಿತಾಂಶವೇ 20-17. ಈ ನಾಲ್ಕು ಸಂಖ್ಯೆ ಬಾಯಿಪಾಠ ಮಾಡಿಕೊಂಡವನು ವರ್ಷಕ್ಕೊಮ್ಮೆಯಾದರೂ ಋಷಿ ಆಗಿಯೇ ಆಗುತ್ತಾನೆ. ಆ ಒಂದು ಸಲದ ಕಥೆಯನ್ನು ಮುಂದಿನ ಐದು ವರ್ಷ ಕೇಳುವ ಭಾಗ್ಯ ಅಕ್ಕಪಕ್ಕದವರದು.

ಇನ್ನು ಷರತ್ತುಗಳು. ‘ಗ್ರೀನ್ ಬೇ ಗೆಲ್ಲುತ್ತದೆ, ಆದರೆ ಚೆಂಡು ಕೈಜಾರಬಾರದು. ಎಡಗಡೆಯ ಟ್ಯಾಕಲ್‌ನ ಮೊಣಕಾಲು ತಡೆಯಬೇಕು. ರೆಫರಿಗಳು ಅಂದು ಊಟ ಸರಿಯಾಗಿ ಮಾಡಿರಬೇಕು.’ ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದು ನಾವು ಯಾವುದಕ್ಕೆ ಹೇಳುತ್ತೇವೋ ಅದನ್ನು ಇವನು ಗೋಡೆಯುದ್ದಕ್ಕೂ ದೀಪಾವಳಿ ಮಾಡಿ ತೋರಿಸುತ್ತಾನೆ. ಗೆದ್ದರೆ ಭವಿಷ್ಯ ನಿಜ, ಸೋತರೆ ಷರತ್ತು ನಿಜ. ಗಾಯಾಳುಗಳ ಪಟ್ಟಿಯನ್ನು ತಂಡಗಳು ವಾರಪೂರ್ತಿ ಪ್ರಕಟಿಸಬೇಕೆಂಬ ನಿಯಮವಿರುವುದು ಇವನಂಥವರ ಪುಣ್ಯ. ಬುಧವಾರ ಅಭ್ಯಾಸಕ್ಕೆ ಬಾರದವನು, ಗುರುವಾರ ಅರ್ಧ ಅಭ್ಯಾಸ ಮಾಡಿದವನು, ಶುಕ್ರವಾರ ಆಡುವುದು ಸಂಶಯ ಎನಿಸಿಕೊಂಡವನು, ಎಲ್ಲರ ಹಿಮ್ಮಡಿ, ಭುಜ, ತೊಡೆಸಂದು ಇವನಿಗೆ ಕಂಠಸ್ಥ. ಸ್ವಂತ ಮಂಡಿನೋವಿಗೆ ಡಾಕ್ಟರ ಬಳಿ ಹೋಗಿ ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ.

ಲಾಸ್ ವೇಗಾಸ್‌ನವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಬಾಜಿಯವರು ಬಲವಾದ ತಂಡ ಎಷ್ಟು ಅಂಕದಿಂದ ಗೆಲ್ಲಬೇಕೆಂದು ಗೆರೆ ಹಾಕುತ್ತಾರೆ: ಎಷ್ಟೋ ಸಲ ಎರಡೂವರೆ, ಆರೂವರೆ ಎಂದು. ಆಟದಲ್ಲಿ ಅರ್ಧ ಅಂಕ ಎಂಬುದೇ ಇಲ್ಲವಾದ್ದರಿಂದ ಆಗ ಬಾಜಿ ಸಮವಾಗಿ ದುಡ್ಡು ವಾಪಸು ಕೊಡುವ ಪ್ರಮೇಯ ಬರುವುದಿಲ್ಲ. ‘ಅವರಿಗೇನು ಗೊತ್ತು ಫುಟ್‌ಬಾಲ್?’ ಎಂದು ಜ್ಞಾನಿ ಮೂಗು ಮುರಿಯುತ್ತಾನೆ. ಆದರೆ ಅವನ ಭವಿಷ್ಯ ಹೊರಡುವುದು ಅವರ ಗೆರೆ ಬಂದು ಹತ್ತು ನಿಮಿಷಕ್ಕೆ, ಅದರಿಂದ ಒಂದು ಅಂಕ ಆಚೆ ಈಚೆ. ಕ್ರೀಡಾ ಬೆಟ್ಟಿಂಗ್ ಬೇಕೋ ಬೇಡವೋ ಎಂಬುದನ್ನು ರಾಜ್ಯಗಳೇ ತೀರ್ಮಾನಿಸಿಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ ದಾರಿ ಬಿಟ್ಟದ್ದು 2018ರಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ಫೋನಿನಲ್ಲೇ ಬಾಜಿ ಕಟ್ಟುವ ಸೌಕರ್ಯ ಬಂದದ್ದು 2022ರ ಜನವರಿಯಲ್ಲಿ. ಅಲ್ಲಿಯವರೆಗೆ ಬಾಯಿಮಾತಾಗಿದ್ದ ಭವಿಷ್ಯಕ್ಕೆ ಅಂದಿನಿಂದ ಬೆಲೆ ಬಂತು. ಬೆಲೆ ತೆತ್ತವನು ಇವನೇ.

ಕಣಿ ಹೇಳುವ ಎಲ್ಲರಿಗೂ ಒಬ್ಬ ಮೂಲಪುರುಷ ಇರಬೇಕಲ್ಲ, ಇವರಿಗೆ ಜೋ ನೇಮತ್. 1969ರ ಜನವರಿಯಲ್ಲಿ, ಸೂಪರ್ ಬೌಲಿಗೆ ಮೂರು ದಿನ ಮೊದಲು, ಗೆಲುವು ನಮ್ಮದೇ, ನನ್ನ ಗ್ಯಾರಂಟಿ ಎಂದು ಮಯಾಮಿಯಲ್ಲಿ ನಾಲ್ಕು ಜನರ ಎದುರು ಹೇಳಿದ ಜೆಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್. ಅವನ ತಂಡ ಹದಿನೆಂಟು ಅಂಕಗಳಿಂದ ಸೋಲುತ್ತದೆಂಬುದು ಬಾಜಿಯವರ ಲೆಕ್ಕ. ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧ ಜೆಟ್ಸ್ 16-7ರಿಂದ ಗೆದ್ದಿತು. ಅಮೆರಿಕದ ಗಂಡಸರ ಮೇಲೆ ಆ ಒಂದು ಗೆಲುವು ಮಾಡಿದಷ್ಟು ಹಾನಿಯನ್ನು ಬೇರೆ ಯಾವ ಗೆಲುವೂ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಮ್ಯಾಟ್ ಹ್ಯಾಸಲ್‌ಬೆಕ್‌ನನ್ನು ಯಾರೂ ಕುಲದೇವರು ಮಾಡಿಕೊಂಡಿಲ್ಲ ನೋಡಿ. 2004ರ ಜನವರಿ, ಗ್ರೀನ್ ಬೇ ಊರು, ಪಂದ್ಯ ಸಮವಾಗಿ ಹೆಚ್ಚುವರಿ ಸಮಯಕ್ಕೆ ಹೋಗಿದೆ. ಟಾಸ್ ಗೆದ್ದ ಸಿಯಾಟಲ್‌ನ ಹ್ಯಾಸಲ್‌ಬೆಕ್, ಚೆಂಡು ನಮಗೇ ಕೊಡಿ, ಅಂಕ ಗಳಿಸುವವರು ನಾವೇ ಎಂದು ರೆಫರಿಯ ಮೈಕಿನಲ್ಲಿ ಊರಿಗೆಲ್ಲ ಕೇಳಿಸುವಂತೆ ಸಾರಿದ. ಸ್ವಲ್ಪ ಹೊತ್ತಿಗೆ ಅವನು ಎಸೆದ ಚೆಂಡನ್ನು ಎದುರಾಳಿ ಹಾರಿ ಹಿಡಿದು ಓಡಿ ಪಂದ್ಯವನ್ನೇ ಮುಗಿಸಿದ. ಅಂಕ ಬರುತ್ತದೆ ಎಂಬಲ್ಲಿಯವರೆಗೆ ಭವಿಷ್ಯ ಸರಿಯಾಗಿತ್ತು. ಜ್ಞಾನಿಯ ಪುರಾಣದಲ್ಲಿ ಈ ಅಧ್ಯಾಯವಿಲ್ಲ. ಟೀವಿಯ ಕ್ರಿಸ್ ಬರ್ಮನ್ ವರ್ಷ ಬಿಡದೆ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ ಬಫಲೋಗೂ ಹಣಾಹಣಿ ಎಂದು ಹೇಳುತ್ತಾ ಬಂದದ್ದು, ಆ ಎರಡು ತಂಡಗಳು ಇವತ್ತಿಗೂ ಸೂಪರ್ ಬೌಲಿನಲ್ಲಿ ಮುಖಾಮುಖಿಯಾಗದೇ ಇರುವುದು ಮಾತ್ರ ಅವನಿಗೆ ಆದರದ ವಿಷಯ. ‘ನಂಬಿಕೆ ಅಂದರೆ ಅದು’ ಎನ್ನುತ್ತಾನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೇರೆ ಊರುಗಳ ಪಂದ್ಯಕ್ಕೆ ಅನ್ವಯಿಸುವ ಶಾಸ್ತ್ರ. ಬಿಲ್ಸ್ ಆಡುವ ಪಂದ್ಯದ ಮಾತೆತ್ತಿ ನೋಡಿ. ಅಷ್ಟು ಹೊತ್ತು ಗಿಳಿಯಂತೆ ಅಂಕ ಉದುರಿಸುತ್ತಿದ್ದವನು ಕಾಫಿ ಲೋಟದೊಳಕ್ಕೆ ನೋಡುತ್ತಾನೆ. ‘ಸೋಲುತ್ತೇವೆ’ ಎನ್ನುತ್ತಾನೆ. ಸೋಲುತ್ತೇವೆಂದು ಹೇಳಿದರೆ ಗೆಲ್ಲುತ್ತೇವೆ, ಗೆಲ್ಲುತ್ತೇವೆಂದರೆ ದೃಷ್ಟಿ ತಾಗುತ್ತದೆ. ಇದನ್ನೂ ಅವನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಫಲ ಹೋಗುತ್ತದೆ. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಕೂಗಿ ಕೊನೆಗೂ 2025ರಲ್ಲಿ ಗೆದ್ದ ಬೆಂಗಳೂರಿನ ಕಡೆಯವನಾದ ನನಗೆ ಮೊದಮೊದಲು ಇದು ಹೇಡಿತನದಂತೆ ಕಂಡದ್ದುಂಟು. ಇವನ ಜಾತಕ ಓದಿದ ಮೇಲೆ ಸುಮ್ಮನಾದೆ.

ಜಾತಕ ಹೀಗಿದೆ. 1991ರ ಜನವರಿ, ಟ್ಯಾಂಪಾದಲ್ಲಿ ಸೂಪರ್ ಬೌಲ್. ಇನ್ನು ಎಂಟು ಸೆಕೆಂಡು. ನ್ಯೂಯಾರ್ಕ್ ಜಯಂಟ್ಸ್ 20, ಬಿಲ್ಸ್ 19. ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದ ಚೆಂಡು ಕಂಬದ ಬಲಗಡೆಯಿಂದ ಹೊರಗೆ ಹೋಯಿತು. ಮರುದಿನ ಊರಿನ ಚೌಕದಲ್ಲಿ ಸೇರಿದ ಜನ ಕಲ್ಲು ಹೊಡೆಯಲಿಲ್ಲ, ‘ಸ್ಕಾಟ್ ಬೇಕು, ಸ್ಕಾಟ್ ಬೇಕು’ ಎಂದು ಕೂಗಿ ಅವನನ್ನು ಮುಂದಕ್ಕೆ ಕರೆಸಿ ಚಪ್ಪಾಳೆ ತಟ್ಟಿದರು. (ಈ ಊರಿನ ಮೇಲೆ ನನಗೆ ಮನಸ್ಸಾಗಿರುವುದು ಇಂಥವಕ್ಕೇ, ಹವೆಗಂತೂ ಅಲ್ಲ.) ಮರುವರ್ಷ ಫೈನಲ್ ತಲುಪಿ ವಾಷಿಂಗ್ಟನ್‌ಗೆ ಸೋತರು. ಅದರ ಮರುವರ್ಷ ಡಲ್ಲಸ್‌ಗೆ, 52-17. ನಾಲ್ಕನೆಯ ವರ್ಷ ಮತ್ತೆ ಡಲ್ಲಸ್‌ಗೆ. ಸತತ ನಾಲ್ಕು ಸೂಪರ್ ಬೌಲ್ ಆಡಿದ ತಂಡ ಬೇರೊಂದಿಲ್ಲ. ನಾಲ್ಕನ್ನೂ ಸೋತ ತಂಡ ಬೇರೊಂದು ಹೇಗಿದ್ದೀತು?

ನಡುವೆ ಒಂದು ಚಿನ್ನದ ಪುಟವೂ ಇದೆ. 1993ರ ಜನವರಿ 3ರಂದು ಹ್ಯೂಸ್ಟನ್ ಆಯಿಲರ್ಸ್ ಎದುರು 35-3 ಹಿಂದೆ ಬಿದ್ದಿದ್ದ ಬಿಲ್ಸ್, ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲಿ ಗಾಯಗೊಂಡು ಕೂತಿದ್ದರೂ, ಬದಲಿ ಆಟಗಾರ ಫ್ರ್ಯಾಂಕ್ ರೈಕ್‌ನ ಕೈಯಲ್ಲಿ 41-38ಕ್ಕೆ ಗೆದ್ದುಬಿಟ್ಟಿತು. ಅಂದು ಟಿಕೆಟು ಪೂರ್ತಿ ಖರ್ಚಾಗದೇ ಇದ್ದದ್ದರಿಂದ ಊರಿನ ಟೀವಿಯಲ್ಲಿ ಪಂದ್ಯ ಬರಲಿಲ್ಲ. ಅಂಗಳಕ್ಕೆ ಹೋದವರಲ್ಲೂ ಎಷ್ಟೋ ಮಂದಿ ಅರ್ಧಕ್ಕೇ ಎದ್ದು ಮನೆಗೆ ಹೊರಟಿದ್ದರು. ಆದರೆ ಇವತ್ತು ವಿಚಾರಿಸಿ, ಕೊನೆಯವರೆಗೂ ಅಲ್ಲೇ ಕೂತಿದ್ದೆವು ಎನ್ನುವವರನ್ನು ಕೂಡಿಸಲು ನಾಲ್ಕು ಕ್ರೀಡಾಂಗಣ ಸಾಲದು. ನಮ್ಮ ಜ್ಞಾನಿಯೂ ಕೂತಿದ್ದನಂತೆ. ಹ್ಯೂಸ್ಟನ್ 35 ಮಾಡಿದಾಗಲೇ ‘ಗೆಲುವು ನಮ್ಮದು’ ಎಂದಿದ್ದನಂತೆ. ಪಕ್ಕದಲ್ಲಿ ಕೂತಿದ್ದ ಭಾವ ಆ ಮಾತಿಗೆ ಸಾಕ್ಷಿ. ಭಾವ ಅಂದು ಕಾರಿನಲ್ಲಿ ರೇಡಿಯೊ ಕೇಳುತ್ತಿದ್ದ ಎಂದು ಅಕ್ಕ ಹೇಳುತ್ತಾಳೆ.

2000ದಿಂದ ಹದಿನೇಳು ವರ್ಷ ಬಿಲ್ಸ್ ಪ್ಲೇಆಫ್‌ ಮುಖವನ್ನೇ ನೋಡಲಿಲ್ಲ. ಜ್ಞಾನಿಯ ವಿದ್ಯೆ ಪಕ್ವವಾದದ್ದು ಆಗಲೇ. ತನ್ನವರು ಕಣದಲ್ಲಿಲ್ಲದ ಕಾರಣ ತಲೆ ತಣ್ಣಗಿತ್ತು. ನ್ಯೂ ಇಂಗ್ಲೆಂಡ್, ಪಿಟ್ಸ್‌ಬರ್ಗ್, ಇಂಡಿಯಾನಾಪೊಲಿಸ್‌ಗಳ ಹಣೆಬರಹವನ್ನು ಸರಾಗವಾಗಿ ಓದುತ್ತಿದ್ದ. 2017ರ ಡಿಸೆಂಬರ್ 31ರಂದು ಸಿನ್ಸಿನಾಟಿಯ ಆಂಡಿ ಡಾಲ್ಟನ್ ಕೊನೆಗಳಿಗೆಯಲ್ಲಿ ಎಸೆದ ಟಚ್‌ಡೌನಿನಿಂದ ಬಾಲ್ಟಿಮೋರ್ ಸೋತು, ಬಿಲ್ಸ್‌ಗೆ ಬಾಗಿಲು ತೆರೆಯಿತು. ಕೃತಜ್ಞತೆಗೆಂದು ಊರಿನವರು ಡಾಲ್ಟನ್‌ನ ದತ್ತಿ ಸಂಸ್ಥೆಗೆ ಸಾವಿರಾರು ಕಾಣಿಕೆ ಕಳಿಸಿದರು. ವರ್ಷಕ್ಕೊಂದರಂತೆ ಹದಿನೇಳು ಡಾಲರ್ ಹಾಕಿದವರೇ ಹೆಚ್ಚು. ಜ್ಞಾನಿಯೂ ಹಾಕಿದ. ಅಂದಿನಿಂದ ಅವನ ಜನವರಿಗಳು ಹಾಳಾದವು.

ಈಗ ಬಾಯಿಗೆ ಬಾರದ ಆ ಸಂಖ್ಯೆಯ ವಿಷಯ. 2022ರ ಜನವರಿ 23, ಕ್ಯಾನ್ಸಸ್ ಸಿಟಿ. ಆಟ ಮುಗಿಯಲು ಹದಿಮೂರು ಸೆಕೆಂಡು ಇದ್ದಾಗ ಬಿಲ್ಸ್ 36, ಚೀಫ್ಸ್ 33. ‘ಇನ್ನೇನು, ಗೆದ್ದೆವು’ ಎಂದು ಜ್ಞಾನಿ ಜೀವಮಾನದಲ್ಲಿ ಮೊದಲ ಸಲ ತನ್ನ ತಂಡದ ಪರವಾಗಿ ಬಾಯಿಬಿಟ್ಟ. ಹದಿಮೂರು ಸೆಕೆಂಡಿನಲ್ಲಿ ಒಬ್ಬ ಸೀನಿ ಮೂಗು ಒರೆಸಿಕೊಳ್ಳಬಹುದು. ಚೀಫ್ಸ್‌ನವರು ಎರಡು ಎಸೆತದಲ್ಲಿ 44 ಗಜ ಸಾಗಿ, ಫೀಲ್ಡ್ ಗೋಲ್ ಹೊಡೆದು, ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ ಟಾಸ್ ಗೆದ್ದು, ಬಿಲ್ಸ್ ಕೈಗೆ ಚೆಂಡೇ ಸಿಗದಂತೆ ಪಂದ್ಯ ಮುಗಿಸಿದರು. ಎರಡೂ ತಂಡಕ್ಕೆ ಒಂದೊಂದು ಅವಕಾಶ ಸಿಗಬೇಕೆಂದು ಲೀಗಿನವರು ಎರಡು ತಿಂಗಳಿಗೆ ಪ್ಲೇಆಫ್‌ ನಿಯಮ ತಿದ್ದಿದರು. ನಿಯಮ ಬದಲಾದದ್ದು ಬಿಲ್ಸ್‌ಗಾಗಿ ಎಂದು ಊರು ತಿಳಿದಿದೆ. ತನ್ನ ನಾಲಗೆಯಿಂದಾಗಿ ಎಂದು ಜ್ಞಾನಿ ತಿಳಿದಿದ್ದಾನೆ.

ಅಂದಿನಿಂದ ಅವನು ಇನ್ನೂ ಎಚ್ಚರ. 2024ರ ಜನವರಿಯಲ್ಲಿ ಈರಿ ಸರೋವರದ ಕಡೆಯಿಂದ ಬಂದ ಹಿಮ ಕ್ರೀಡಾಂಗಣವನ್ನು ಹೂತುಹಾಕಿ, ಪಿಟ್ಸ್‌ಬರ್ಗ್ ಜೊತೆಗಿನ ಭಾನುವಾರದ ಪಂದ್ಯ ಸೋಮವಾರಕ್ಕೆ ಹೋಯಿತು. ಹಿಮ ಎತ್ತಲು ಬನ್ನಿ, ಗಂಟೆಗೆ ಇಪ್ಪತ್ತು ಡಾಲರ್ ಎಂದು ತಂಡದವರು ಕರೆದರು. ಜ್ಞಾನಿ ಸ್ವಂತ ಸಲಿಕೆ ಹಿಡಿದು ಹೋದ. ಸೋಲುತ್ತೇವೆಂದು ಗೊಣಗುತ್ತಲೇ ಸಾಲಿಗೆ ಸಾಲು ಕುರ್ಚಿ ಬಿಡಿಸಿದ. ಸೋಮವಾರ ಬಿಲ್ಸ್ 31-17ಕ್ಕೆ ಗೆದ್ದಿತು. ‘ನಿನ್ನ ಭವಿಷ್ಯ ಸುಳ್ಳಾಯಿತಲ್ಲ’ ಎಂದೆ. ‘ನಾನು ಹೇಳಿದ್ದು ಭಾನುವಾರದ ಪಂದ್ಯಕ್ಕೆ’ ಎಂದ. ಮುಂದಿನ ಭಾನುವಾರ ಚೀಫ್ಸ್ ಬಂದರು. ಅದೇ ಅಂಗಳ, ಮೂರು ಅಂಕದ ಕೊರತೆ, 44 ಗಜದ ಒದೆತ. ಟೈಲರ್ ಬಾಸ್‌ನ ಚೆಂಡು ಹೋದದ್ದೂ ಕಂಬದ ಬಲಗಡೆಗೇ. ಅಂತಿಮ ಸ್ಕೋರು 27-24. ಜ್ಞಾನಿಗೆ ಅಚ್ಚುಮೆಚ್ಚಿನ, ಅವನು ಬೇರೆಲ್ಲ ಪಂದ್ಯಗಳಿಗೆ ಹಂಚುವ ಅದೇ ಅಂಕ. ಎಷ್ಟೋ ದಿನ ಅವನು ಯಾರಿಗೂ ಯಾವ ಸ್ಕೋರನ್ನೂ ಹೇಳಲಿಲ್ಲ.

ಸೂಪರ್ ಬೌಲಿನ ಹೊತ್ತಿಗೆ ತಲೆ ಮತ್ತೆ ತಣ್ಣಗಾಗಿರುತ್ತದೆ, ಆಡುವವರು ಬೇರೆಯವರಲ್ಲವೇ? ಟಾಸಿನಲ್ಲಿ ತಲೆಯೋ ಬಾಲವೋ, ಗೆದ್ದ ಕೋಚ್‌ನ ಮೇಲೆ ಸುರಿಯುವ ಗೇಟರೇಡ್‌ ಯಾವ ಬಣ್ಣದ್ದು, ಎಲ್ಲಕ್ಕೂ ಅವನಲ್ಲಿ ಉತ್ತರವಿದೆ. ಚಿಕನ್ ವಿಂಗ್ಸ್ ಕಡಿಯುತ್ತಾ ಹೇಳುತ್ತಾನೆ, ಮುಕ್ಕಾಲು ಪಾಲು ಸರಿಯಾಗುತ್ತದೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇಂಥ ಒಂದು ರಾತ್ರಿ ನಾನು ಅವನಿಗೆ ಸಮಾಧಾನಕ್ಕೆಂದು ಒಂದು ಸಂಗತಿ ಹೇಳಿದೆ. ಫೈನಲ್ ಮುಗಿದ ನಿಮಿಷಕ್ಕೇ ಗೆದ್ದ ಆಟಗಾರರ ಮೈಮೇಲೆ ‘ಚಾಂಪಿಯನ್’ ಅಂಗಿ ಬರಬೇಕಾದರೆ ಎರಡೂ ತಂಡಗಳ ಹೆಸರಿನಲ್ಲಿ ಮೊದಲೇ ಅಚ್ಚು ಹಾಕಿಸಿರಬೇಕಷ್ಟೆ. ಸೋತವರ ಅಂಗಿಗಳನ್ನು ಇಲ್ಲಿ ಮಾರುವುದಿಲ್ಲ, ದಾನ ಸಂಸ್ಥೆಗಳ ಮೂಲಕ ಹೊರದೇಶಗಳ ಬಡವರಿಗೆ ಕಳಿಸಿಬಿಡುತ್ತಾರೆ. ಜ್ಞಾನಿ ವಿಂಗ್ಸ್ ತಟ್ಟೆ ಕೆಳಗಿಟ್ಟ.

‘ಅಂದರೆ ಎಲ್ಲೋ ಒಂದು ದೇಶದಲ್ಲಿ ನಾವೇ ಗೆದ್ದಿದ್ದೇವೆ?’

‘ಅಂಗಿಯ ಮಟ್ಟಿಗೆ ಇರಬಹುದು.’

‘ನಿಮ್ಮ ಇಂಡಿಯಾಕ್ಕೂ ಹೋಗುತ್ತವೆಯೇ?’

‘ನಾನಂತೂ ನೋಡಿಲ್ಲ.’

‘ಊರಿಗೆ ಹೋದಾಗ ಸರಿಯಾಗಿ ನೋಡು’ ಎಂದು ದನಿ ತಗ್ಗಿಸಿದ. ‘ಸಿಕ್ಕರೆ ನನಗೊಂದು ತಾ. ಎಕ್ಸ್‌ಎಲ್. ಒಗೆದರೆ ಕುಗ್ಗುತ್ತದೆ, ಅದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ.’