ವನದುರ್ಗ ಕಟ್ಟೆಯ ಪ್ರಮಾಣಶಾಸ್ತ್ರ

ಅಥಾತೋ ಮಾಹಿತಿಜಿಜ್ಞಾಸಾ. ಶಾಸ್ತ್ರಗ್ರಂಥ ಹೀಗೆ ಶುರುವಾಗದಿದ್ದರೆ ಪಂಡಿತರು ಪುಟ ತಿರುವುವುದಿಲ್ಲ. ಹೀಗೆ ಶುರುವಾದರೆ ಉಳಿದವರು ತಿರುವುವುದಿಲ್ಲ. ಎರಡೂ ನಷ್ಟಗಳನ್ನು ತೂಗಿ ನೋಡಿ, ಪಂಡಿತರ ಪಾಲು ಇಲ್ಲಿಗೇ ಸಂದಿತೆಂದು ಸಾರಿ ಮುಂದುವರಿಯುತ್ತೇನೆ.

ಪ್ರಬಂಧದ ಕ್ಷೇತ್ರ ಶಹಾಪುರ ತಾಲ್ಲೂಕಿನ ವನದುರ್ಗ, ಸುರಪುರ ನಾಯಕರ ಕಾಲದ ಕೋಟೆಯುಳ್ಳ ಊರು. ಪ್ರಯೋಗಶಾಲೆ ಊರ ಕಟ್ಟೆ. ಉಪಕರಣ, ಇಬ್ಬರು ಹಂಚಿಕೊಂಡ ಒಂದು ಚಾ. ಪ್ರಮೇಯ ಇದು: ಗ್ರಂಥಾಲಯಕ್ಕೆ ಬಂದವರಿಗೆ ಪುಸ್ತಕ ಕೊಟ್ಟರೆ ಸಾಲದು, ಮಾಹಿತಿ ಹುಡುಕುವ, ಹುಡುಕಿದ್ದನ್ನು ಒರೆಗೆ ಹಚ್ಚುವ ವಿದ್ಯೆಯನ್ನೂ ಕಲಿಸಬೇಕು ಎನ್ನುತ್ತದೆ ಆಧುನಿಕ ಶಾಸ್ತ್ರ. ಕಟ್ಟೆಗೆ ಈ ವಿದ್ಯೆ ಬರುತ್ತದೆಯೇ? ಬರದಿದ್ದರೆ ಕಲಿಸುವವರು ಯಾರು? ಬರುತ್ತಿದ್ದರೆ ನಮ್ಮ ಹೊಟ್ಟೆಪಾಡೇನು?

ಮೊದಲು ಪೂರ್ವಪಕ್ಷ. 1974ರಲ್ಲಿ ಪಾಲ್ ಝುರ್ಕೋವ್ಸ್ಕಿ ಎಂಬ ಅಮೆರಿಕದವರು 'ಮಾಹಿತಿ ಸಾಕ್ಷರತೆ' ಎಂಬ ಮಾತನ್ನು ಚಲಾವಣೆಗೆ ತಂದರು. ಅಲ್ಲಿಯವರೆಗೆ ಮನುಷ್ಯಕುಲ ಹೆಬ್ಬೆಟ್ಟೊತ್ತಿಯೇ ಮಾಹಿತಿ ಪಡೆಯುತ್ತಿತ್ತು ಎಂದು ನಾವು ತಿಳಿಯತಕ್ಕದ್ದು. 2004ರಲ್ಲಿ ಕ್ಯಾಲಿಫೋರ್ನಿಯಾದ ಚಿಕೊ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದವರು ಐದು ಪ್ರಶ್ನೆಗಳ ಪರೀಕ್ಷೆ ಮಾಡಿಟ್ಟರು. ಮಾಹಿತಿ ಹೊಸದೇ, ನಮಗೆ ಬೇಕಾದದ್ದೇ, ಹೇಳಿದವರು ಯಾರು, ಹೇಳಿದ್ದು ಸರಿಯೇ, ಹೇಳಿದ್ದು ಯಾಕೆ. ಈ ಐದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ಬರುವ ಶಬ್ದವನ್ನು ಕನ್ನಡದಲ್ಲಿ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲವಾದ್ದರಿಂದ ದನದ ಕೊಟ್ಟಿಗೆಯ ಕಡೆ ಕೈ ತೋರಿಸಿ ಸುಮ್ಮನಾಗುತ್ತೇನೆ.

ಕಟ್ಟೆಯ ಮುತ್ಯಾನ ಮುಂದೆ ಈ ಐದನ್ನೂ ಓದಿದೆ. ಮುತ್ಯಾ ಬೀಡಿ ಆರಿಸಿ ಹೇಳಿದ: "ಐದ್ಯಾಕ ಬೇಕ್ರಿ? ಯಾರ್ ಹೇಳ್ಯಾರ, ಅವಂಗೇನ್ ಸಿಗ್ತದ, ಮತ್ಯಾರ್ ಕಂಡಾರ. ಮೂರು ಸಾಕು." ಚಿಕೊದವರು ವರ್ಷಗಟ್ಟಲೆ ಕಲಿಸಿದ್ದು ಬೀಡಿಯ ಮೋಟು ಆರುವಷ್ಟರಲ್ಲಿ ಮುಗಿಯಿತು. ಸಂಶೋಧಕನಿಗೆ ಇದು ಅಪಾಯದ ಘಟ್ಟ. ಫಲಿತಾಂಶ ಬೇಗ ಬಂದರೆ ಅನುದಾನ ಬರುವುದಿಲ್ಲ. ಆದಕಾರಣ ವಿಷಯವನ್ನು ಜಟಿಲಗೊಳಿಸುತ್ತೇನೆ.

ಪ್ರಥಮ ಪರೀಕ್ಷಾವಸ್ತು ಸುರಪುರದ್ದು. ಕರ್ನಲ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡವನು. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. 1858ರಲ್ಲಿ ರಾಜ ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ. ಮರಣದಂಡನೆ ತಗ್ಗಿ ಸೆರೆವಾಸವಾಯಿತು. ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳುತ್ತಾನೆ: ರಾಜ ಇಪ್ಪತ್ತನಾಲ್ಕನೇ ವರ್ಷದಲ್ಲಿ ಸಾಯುತ್ತಾನೆಂದು ಜಾತಕದಲ್ಲಿ ಮೊದಲೇ ಇತ್ತಂತೆ, ಅದನ್ನು ತನಗೆ ಎಂದೋ ಗುಟ್ಟಾಗಿ ತಿಳಿಸಿದ್ದರಂತೆ.

ಈಗ ಒರೆಗೆ ಹಚ್ಚೋಣ. ಆ ಪುಸ್ತಕ ಹೊರಬಂದದ್ದು 1877ರಲ್ಲಿ, ರಾಜ ಸತ್ತು 19 ವರ್ಷಕ್ಕೆ, ಟೇಲರನೂ ಸತ್ತ ಮರುವರ್ಷ. ಬರೆದವನು ಯಾರು? ಠಗ್ಗರ ಕಾದಂಬರಿ ಬರೆದು 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು, ಅಂದರೆ ಓದುಗರನ್ನು ಮೈಮೇಲೆ ಮುಳ್ಳೇಳುವಂತೆ ಕೂರಿಸುವುದು ಬಲ್ಲವನು. ಏನು ಸಿಕ್ಕಿತು? ಮಗನಂತೆ ಬೆಳೆಸಿದ ಹುಡುಗ ತನ್ನವರ ಸೆರೆಯಲ್ಲೇ ಸತ್ತ ಕಥೆಯಲ್ಲಿ ಗ್ರಹಗತಿಯನ್ನು ಎಳೆದು ತಂದರೆ ಕಂಪನಿಯ ಭಾರ ಸ್ವಲ್ಪ ಹಗುರವಾಗುತ್ತದೆ. (ಟೇಲರ್ ಸುಳ್ಳುಗಾರ ಎನ್ನುತ್ತಿಲ್ಲ. ಹುಡುಗನ ಮೇಲೆ ಅವನಿಗೆ ನಿಜವಾದ ಅಕ್ಕರೆ ಇತ್ತೆಂದೇ ನನ್ನ ಅನಿಸಿಕೆ. ಅಕ್ಕರೆಯೂ ಸಾಕ್ಷಿಯನ್ನು ಕೆಡಿಸುತ್ತದೆ, ಅಷ್ಟೇ.) ಮುತ್ಯಾ ತೀರ್ಪು ಕೊಟ್ಟ: "ಬೆಳಿ ಬಂದ ಮ್ಯಾಲ ಮಳಿ ಭವಿಷ್ಯ ಹೇಳಿದಂಗಾತು."

ಟೇಲರ್ ಸತ್ತದ್ದು 1876ರಲ್ಲಿ. ಮೆಲ್ವಿಲ್ ಡ್ಯೂಯಿ ಪುಸ್ತಕಗಳ ತನ್ನ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದ್ದೂ 1876ರಲ್ಲಿ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಸಂಬಂಧವಿಲ್ಲದ ಎರಡನ್ನು ಒಂದೇ ಪ್ಯಾರಾದಲ್ಲಿ ಕೂರಿಸುವುದಕ್ಕೆ ಪಾಂಡಿತ್ಯವೆಂದು ಹೆಸರು; ಅದೇ ಕೆಲಸವನ್ನು ವಾಟ್ಸಾಪಿನಲ್ಲಿ ಮಾಡಿದರೆ ಫಾರ್ವರ್ಡ್ ಎನ್ನುತ್ತಾರೆ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಇದನ್ನು ಶಾಲೆಯ ಹುಡುಗಿಯೊಬ್ಬಳಿಗೆ ಬರೆದುಕೊಟ್ಟು, ಕನ್ನಡದ ವಿಳಾಸ ಇದೇ ನೋಡವ್ವಾ ಎಂದೆ. ಸಂಜೆ ಬಂದು ವರದಿ ಒಪ್ಪಿಸಿದಳು: "ಆ ನಂಬರಿಗೆ ಫೋನ್ ಹೋಗಂಗಿಲ್ರಿ ಸರ್, ನಾಕು ಅಂಕಿ ಕಮ್ಮಿ ಅದಾವ." ಶಾಸ್ತ್ರದ ಪ್ರಕಾರ ಇದು ತಪ್ಪು ಉತ್ತರ. ಆದರೆ ಕೊಟ್ಟ ಮಾಹಿತಿಯನ್ನು ಬಳಸಿ ನೋಡಿ, ಕೆಲಸಕ್ಕೆ ಬರುವುದಿಲ್ಲವೆಂದು ಕಂಡುಕೊಂಡು, ಕೊಟ್ಟವನಿಗೇ ತಿರುಗಿ ಹೇಳಿದ್ದು ನನ್ನ ಪರಿಚಯದ ಮೂವರು ಪಿಎಚ್‌.ಡಿ.ಗಳಿಂದ ಆಗಿಲ್ಲ.

ನಮ್ಮ ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್‌.ಆರ್‌. ರಂಗನಾಥನ್ ಗಣಿತದ ಮೇಷ್ಟರು. 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು, 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರಕ್ಕೊಂದು ತರಬೇತಿ ಕೇಂದ್ರ ಕಟ್ಟಿದರು. ಸೂತ್ರಗಳಿಗೆ ಭಾಷ್ಯ ಹಲವು. ವನದುರ್ಗ ಭಾಷ್ಯ ಇನ್ನೂ ಅಪ್ರಕಟಿತ. 'ಓದುಗರ ಸಮಯ ಉಳಿಸು' ಎಂಬ ನಾಲ್ಕನೇ ಸೂತ್ರಕ್ಕೆ ಮುತ್ಯಾ, "ಉಳಿಸಿ ಏನ್ ಮಾಡೋದದ?" ಎಂದ. 'ಗ್ರಂಥಾಲಯ ಬೆಳೆಯುವ ಜೀವಿ' ಎಂಬ ಐದನೆಯದಕ್ಕೆ ಗೆದ್ದಲು ಸಾಕ್ಷಿ. 'ಪುಸ್ತಕ ಇರುವುದು ಬಳಕೆಗೆ' ಎಂಬ ಮೊದಲನೆಯದನ್ನು ಮಾತ್ರ ವಿಸ್ತರಿಸಬೇಕು, ಏಕೆಂದರೆ ನಮ್ಮ ಭೀಮಾ ತೀರ ಅದನ್ನು ರಂಗನಾಥನ್ನರಿಗಿಂತ ಎಷ್ಟೋ ಶತಮಾನ ಮೊದಲೇ ಪಾಲಿಸಿದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು, ಅದರ ಪೀಠದ ಕಲ್ಲು ಬಯಲಾಯಿತು. ನೋಡಿದರೆ ಅಶೋಕನ ಶಾಸನ! ಯಾರೋ ನಡುವೆ ತೂತು ಕೊರೆದು ದೇವಿಯನ್ನು ನಿಲ್ಲಿಸಿದ್ದರು. ದಪ್ಪ ಪುಸ್ತಕವನ್ನು ಮೇಜಿನ ಕುಂಟು ಕಾಲಿಗೆ ಒತ್ತುಕೊಡುವ ಗ್ರಂಥಪಾಲಕರು ಇನ್ನು ನಾಚಬೇಕಾಗಿಲ್ಲ. ಅವರದು ಪ್ರಾಚೀನ ಪರಂಪರೆ.

ಆ ಕಲ್ಲಿನಲ್ಲಿದ್ದದ್ದೇನು ಎಂಬುದು ಇನ್ನೂ ರುಚಿ. ಒಂದು ಹನ್ನೆರಡನೇ ಶಾಸನ: ತನ್ನ ಮತವನ್ನು ಹೊಗಳಿಕೊಂಡು ಪರಮತವನ್ನು ತೆಗಳಬೇಡ, ನಾಲಿಗೆ ಹಿಡಿತದಲ್ಲಿರಲಿ ಎಂಬ ಅಭಿಪ್ರಾಯದ್ದು. 'ಮೌನವಾಗಿರಿ' ಫಲಕದ ಮೂಲಪ್ರತಿ ಇದೇ ಇರಬೇಕು. ಇನ್ನೊಂದು ಹದಿನಾಲ್ಕನೆಯದು. ಅದರಲ್ಲಿ ಸಾಮ್ರಾಟ ಒಪ್ಪಿಕೊಳ್ಳುತ್ತಾನೆ: ನನ್ನ ಶಾಸನಗಳಲ್ಲಿ ಕೆಲವು ಅಪೂರ್ಣವಾಗಿವೆ, ಬರೆಯುವವರ ತಪ್ಪೂ ಇರಬಹುದು. ರಾಜನೊಬ್ಬ ತನ್ನ ಪ್ರಕಟಣೆಯನ್ನು ಪೂರ್ತಿ ನಂಬಬೇಡಿ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಇದಕ್ಕಿಂತ ದೊಡ್ಡ ಮಾಹಿತಿ ಶಿಕ್ಷಣ ಉಂಟೇ? ಆಮೇಲಿನ ಸರ್ಕಾರಗಳ ಪ್ರಕಟಣೆಗಳಲ್ಲಿ ಹದಿನಾಲ್ಕನೇ ಶಾಸನದ ಪ್ರಭಾವ ಕಾಣುವುದಿಲ್ಲ.

ಇಲ್ಲಿ ಪ್ರಬಂಧ ತನ್ನ ನಿಜವಾದ ತಗಾದೆಗೆ ಬರುತ್ತದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಮನೆಗೆ ಬಂದವು, 2020ರಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು, ಬರಬರುತ್ತ 'ಅರಿವು ಕೇಂದ್ರ' ಎಂಬ ಚಂದದ ಹೆಸರೂ ಬಂತು. ಒಳ್ಳೆಯ ಕೆಲಸವೇ, ಅಣಕಿಸಲು ಮನಸ್ಸಾಗುವುದಿಲ್ಲ. ಆದರೆ ತರಬೇತಿ ಕೊಡುವವರೆಲ್ಲ ಓದುಗರಿಗೆ ಏನೋ ಕೊರತೆಯಿದೆ ಎಂದೇ ಹೊರಡುತ್ತಾರೆ. ಪಾವ್ಲೊ ಫ್ರೇರೆ ಎಂಬ ಬ್ರೆಜಿಲ್ಲಿನ ಮೇಷ್ಟರು ಇದನ್ನೇ ಬ್ಯಾಂಕಿಂಗ್ ಮಾದರಿ ಎಂದು ಜರೆದರು: ಗುರು ಠೇವಣಿ ಇಡುತ್ತಾನೆ, ಶಿಷ್ಯ ಖಾಲಿ ಖಾತೆ. ಕಟ್ಟೆಯಲ್ಲಿ ಇದನ್ನು ವಿವರಿಸಿದಾಗ ಒಬ್ಬ ಕೇಳಿದ: "ತಗಿಯಾಕ ಹೋದ್ರ ಕೊಡ್ತಾರೇನ್ರಿ?" ಫ್ರೇರೆ ಇಷ್ಟು ಚುಟುಕಾಗಿ ಬರೆದವರಲ್ಲ.

ಕಟ್ಟೆ ದಿನಾ ಹುಡುಕುವ ಮಾಹಿತಿ ಒಂದೇ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ವಾರಾಬಂದಿಯಲ್ಲಿ ನಮ್ಮ ಪಾಳಿ ಯಾವಾಗ, ಕೊನೆಯ ಹೊಲಕ್ಕೆ ಮುಟ್ಟುತ್ತದೋ ಇಲ್ಲವೋ. ಅದನ್ನು ನೀರಾವರಿ ಸಲಹಾ ಸಮಿತಿ ದೂರದ ಸಭೆಯಲ್ಲಿ ತೀರ್ಮಾನಿಸುತ್ತದೆ. ಯಾವ ಕಪಾಟಿನ ಯಾವ ದಶಮಾಂಶದ ಬಳಿಯೂ ಅದು ಸಿಗುವುದಿಲ್ಲ. ಕಪಾಟಿನಲ್ಲಿರುವುದು ಸ್ಪರ್ಧಾ ಪರೀಕ್ಷೆಯ ಗೈಡು. ನಾನು ಕಂಡ ಒಂದು ಹಳ್ಳಿ ಗ್ರಂಥಾಲಯದಲ್ಲಿ ಅದಕ್ಕೂ ಬೀಗ, ಕೀಲಿ ಮೇಲ್ವಿಚಾರಕರ ಹತ್ತಿರ, ಮೇಲ್ವಿಚಾರಕರು ಯಾವುದೋ ಸಮೀಕ್ಷೆಗೆ. ಆ ಗೌರವಧನದಲ್ಲಿ ಅವರು ಬಾಗಿಲು ತೆಗೆಯುವುದೇ ಹೆಚ್ಚು ಎಂಬುದನ್ನೂ ಸೇರಿಸಬೇಕು.

ವಾದ ಸಾಕು, ಇನ್ನು ಆಟದ ಪಕ್ಷಕ್ಕೆ ಬರೋಣ. ಮಕ್ಕಳಿಗೆ ಒಂದು ವಹಿ ಕೊಟ್ಟೆ. ಹೆಸರು 'ಸುಳ್ಳಿನ ವಹಿ'. ನಿಯಮ: ಕೇಳಿದ ಸುದ್ದಿ ಬರೆ, ಹೇಳಿದವರ ಹೆಸರು ಬರೆ, ಅವರಿಗೆ ಯಾರು ಹೇಳಿದರೋ ಅವರ ಮನೆಗೆ ಓಡು, ಹೀಗೆ ಕೊನೆಯವರು ಸಿಗುವ ತನಕ. ಮೊದಲ ಸುದ್ದಿ ಕೋಟೆಯೊಳಗೆ ನಿಧಿ ಇದೆ ಎಂಬುದು. ನಿಧಿಯ ಆಸೆಗೆ ಅಗೆದು ಹಾಳಾಗದ ಹಳೆಯ ಕೋಟೆ ನಮ್ಮ ಕಡೆ ಸಿಗುವುದು ಕಷ್ಟ, ಹಾಗಾಗಿ ವಿಷಯ ಮಕ್ಕಳಾಟವಲ್ಲ. ಏಳು ಮನೆ ಓಡಿದ ಮೇಲೆ ಎಂಟನೇ ಮನೆಯಲ್ಲಿ ಉತ್ತರ ಸಿಕ್ಕಿತು: "ಮಂದಿ ಅಂತಾರ." ಈ 'ಮಂದಿ' ಎಂಬ ಗ್ರಂಥಕರ್ತನ ಕಾಲ, ಊರು, ಮತ ಯಾವುದೂ ನಿಶ್ಚಿತವಿಲ್ಲ, ಕೃತಿಗಳು ಮಾತ್ರ ಅಪಾರ. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯ ಒಬ್ಬನೋ ಇಬ್ಬರೋ ಎಂದು ವಿದ್ವಾಂಸರು ಇನ್ನೂ ಜಗ್ಗಾಡುತ್ತಿರುವಾಗ, ಮಂದಿ ಎಷ್ಟು ಜನ ಎಂಬುದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ.

ಆಟ ನಡೆದಿದ್ದಾಗಲೇ ಒಬ್ಬ ಸೈಕಲ್ಲಿನಿಂದ ಇಳಿಯದೆ ಕೂಗಿದ, "ಕಾಲುವಿಗಿ ನೀರ್ ಬಿಟ್ಟಾರಂತ!" ವಿಚಾರಸಂಕಿರಣ ಅಲ್ಲೇ ಬರಖಾಸ್ತು. ಮುತ್ಯಾ ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕುತ್ತ ಕೇಳಿದ, "ಯಾರ್ ಹೇಳ್ಯಾರ?" ಸೈಕಲ್ಲು ಅಷ್ಟರಲ್ಲಿ ತಿರುವಿನಲ್ಲಿತ್ತು. ಎಲ್ಲರೂ ಹೊರಟೆವು, ವಹಿ ಎದೆಗೊತ್ತಿಕೊಂಡ ಹುಡುಗಿ ಎಲ್ಲರಿಗಿಂತ ಮುಂದೆ. ಕಾಲುವೆಯ ದಂಡೆ ಹತ್ತಿ ಇಣುಕಿದರೆ ತಳದ ಸಿಮೆಂಟು ಬಿರಿದಲ್ಲಿ ಎದ್ದ ಹುಲ್ಲನ್ನು ಆಡೊಂದು ಅವಸರವಿಲ್ಲದೆ ಮೇಯುತ್ತಿತ್ತು. ಹುಡುಗಿ ವಹಿ ಬಿಚ್ಚಿ ಬರೆದಳು: ಸುದ್ದಿ, ನೀರು. ಹೇಳಿದವರು, ಸೈಕಲ್. ಕಂಡದ್ದು, ಆಡು ಒಂದು.